ಸುಂಕದವನ ಮುಂದೆ ಸುಖದುಃಖ



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮಲ್ಲಿ ಒಂದು ಗಾದೆ. ಗುರುಗ್ರಾಮದಲ್ಲಿ ಬೆಳೆದು, ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಫೋನಿನಲ್ಲಿ ಇಂಗ್ಲಿಷು ಆಡುವ ನಿಮಗೆ ಈ ಗಾದೆಯನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಹಿಂದೆ ಸಂತೆಗೆ ಗಾಡಿ ಹೂಡಿಕೊಂಡು ಹೊರಟವನನ್ನು ಊರ ಬಾಗಿಲಲ್ಲಿ ಸುಂಕದವನು ತಡೆಯುತ್ತಿದ್ದ. ಇವನು ಮಗಳ ಮದುವೆ, ಎತ್ತಿನ ಕಾಯಿಲೆ, ಕೈಕೊಟ್ಟ ಮಳೆ ಎಲ್ಲವನ್ನೂ ಹೇಳಿಕೊಂಡು ಕಣ್ಣೊರೆಸಿಕೊಂಡರೆ ಅವನು ಪೂರ್ತಿ ಕೇಳಿಸಿಕೊಂಡು, ಮೂಟೆ ಎಣಿಸಿ, "ಇಷ್ಟಾಯಿತು, ಕೊಡು" ಅನ್ನುತ್ತಿದ್ದನಂತೆ. ಅವನದೂ ತಪ್ಪಿಲ್ಲ. ಅವನ ಕಡತದಲ್ಲಿ ಮೂಟೆಗೊಂದು ಕಲಮು ಇತ್ತು, ಕಣ್ಣೀರಿಗೆ ಇರಲಿಲ್ಲ.

ಈ ಗಾದೆ ಈಗ ನೆನಪಾಗಲು ನೀವೇ ಕಾರಣ. ಸಂಘದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ನಿಮ್ಮಲ್ಲಿ ಹಲವರು ನನ್ನ ಹತ್ತಿರ ತೋಡಿಕೊಳ್ಳುವ ದೂರು ಒಂದೇ: "ಆಂಟಿ, ಸಾಮಾನಿನ ಬೆಲೆ ನೋಡಿ ತರಿಸಿದರೆ ಸಾಗಣೆಗೊಂದು ದುಡ್ಡು, ಕಸ್ಟಮ್ಸಿಗೊಂದು ದುಡ್ಡು, ಕೊರಿಯರಿನವನಿಗೆ ಮತ್ತೊಂದು." ಒಬ್ಬಳಿಗೆ ಕೊರಿಯಾದ ಹಾಡಿನ ಆಲ್ಬಮ್ಮು ಬೇಕು. ಇನ್ನೊಬ್ಬನಿಗೆ ಟಕಟಕ ಸದ್ದು ಮಾಡುವ ಕೀಬೋರ್ಡಿನ ಗುಂಡಿಗಳು ಬೇಕು (ಇರುವ ಕೀಬೋರ್ಡಿಗೆ ಏನು ರೋಗ ಎಂದು ನಾನು ಕೇಳಲಿಲ್ಲ). ಮತ್ತೊಬ್ಬರಿಗೆ ಇಲ್ಲಿ ಸಿಗದ ಅಳತೆಯ ಬೂಟು. ದುಡ್ಡು ಹೋದ ಸಂಕಟ ನಿಜವೇ. ಆದರೆ ಎಲ್ಲಿ, ಯಾಕೆ, ಹೇಗೆ ಹೋಯಿತೆಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. "ಲೂಟಿ" ಎಂಬ ಒಂದೇ ಶಬ್ದದಲ್ಲಿ ಮಾತು ಮುಗಿಸಿಬಿಡುತ್ತೀರಿ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ನಾನು ಸಂಪಾದಿಸಿದ್ದು ಹೆಚ್ಚೇನೂ ಇಲ್ಲ. ಆದರೆ ಸರಕಾರದ ನೋಟಿಫಿಕೇಷನ್ನುಗಳನ್ನು ನಿದ್ದೆ ಹೋಗದೆ ಓದುವ ತಾಳ್ಮೆ ಮಾತ್ರ ಬಂದಿದೆ. ಆದ್ದರಿಂದ ಈ ಸಲದ ಅಂಕಣ ಸುಂಕದ ಮೇಲೆ.

ಮೊದಲು ಲೆಕ್ಕ. ಅಮ್ಮನ ಕಿರಾಣಿ ಚೀಟಿಯಷ್ಟೇ ಸುಲಭ, ಹೆದರಬೇಡಿ.

ಹತ್ತು ಸಾವಿರ ರೂಪಾಯಿಯ ಒಂದು ವಸ್ತುವನ್ನು ಹೊರದೇಶದಿಂದ ತರಿಸುತ್ತೀರಿ ಎಂದಿಟ್ಟುಕೊಳ್ಳಿ. ವಿಮಾನದ ಸಾಗಣೆಗೆ ಮೂರು ಸಾವಿರ. ಸುಂಕ ಬೀಳುವುದು ಹತ್ತು ಸಾವಿರದ ಮೇಲೆ ಮಾತ್ರ ಎಂದು ನೀವು ತಿಳಿದಿದ್ದರೆ ಮೊದಲ ಆಘಾತ ಅಲ್ಲೇ. ನಮ್ಮ ಕಾನೂನಿನಲ್ಲಿ ವಸ್ತುವಿನ ಬೆಲೆ ಎಂದರೆ ಅದರ ಕ್ರಯ, ವಿಮೆ, ಸಾಗಣೆ ಮೂರೂ ಸೇರಿದ್ದು. 2007ರ ಮೌಲ್ಯನಿರ್ಣಯ ನಿಯಮಗಳಲ್ಲಿ ಒಂದು ಕರುಣೆಯ ಮಾತು ಇದೆ: ವಿಮಾನದಲ್ಲಿ ಬಂದ ಸರಕಿಗೆ ನೀವು ಎಷ್ಟೇ ಸಾಗಣೆ ಕೊಟ್ಟಿರಿ, ವಸ್ತುವಿನ ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗಾಗಿ ನಿಮ್ಮ ಮೂರು ಸಾವಿರದಲ್ಲಿ ಎರಡು ಸಾವಿರ ಮಾತ್ರ ಸೇರುತ್ತದೆ. ವಿಮೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಬೆಲೆಯ ಶೇಕಡಾ 1.125 ಎಂದು ಹಿಡಿಯುತ್ತಾರೆ. ಅದು 112 ರೂಪಾಯಿ 50 ಪೈಸೆ. ಒಟ್ಟು 12,112.50. ಇದರ ಮೇಲೆ ಮೂಲ ಸುಂಕ. ಆ ಮೂಲ ಸುಂಕವನ್ನೂ ಸೇರಿಸಿಕೊಂಡ ಮೊತ್ತದ ಮೇಲೆ ಐಜಿಎಸ್‌ಟಿ. ಗಮನಿಸಿದಿರಾ? ತೆರಿಗೆಯ ಮೇಲೂ ತೆರಿಗೆ.

ದರಗಳು ವಸ್ತುವಿನಿಂದ ವಸ್ತುವಿಗೆ, ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ಸ್ವಂತ ಬಳಕೆಗೆ ತರಿಸುವ ಸಾಮಾನಿನ ಸುಂಕದ ದರವನ್ನು ಶೇಕಡಾ 20ರಿಂದ 10ಕ್ಕೆ ಇಳಿಸುವ ಪ್ರಸ್ತಾಪವನ್ನು 2026ರ ಫೆಬ್ರುವರಿ 1ರ ಬಜೆಟ್ಟಿನಲ್ಲಿ ಮಂಡಿಸಿದರು. ನಮ್ಮ ಲೆಕ್ಕ ಸುಲಭವಾಗಲೆಂದು ಮೂಲ ಸುಂಕ 10, ಐಜಿಎಸ್‌ಟಿ 18 ಎಂದು ಇಟ್ಟುಕೊಳ್ಳೋಣ. ಮೂಲ ಸುಂಕ 1,211 ರೂಪಾಯಿ ಚಿಲ್ಲರೆ. ಎರಡೂ ಸೇರಿ 13,324ರ ಹತ್ತಿರ. ಅದರ ಶೇಕಡಾ 18 ಎಂದರೆ 2,398. ಅಂತೂ ಸರಕಾರಕ್ಕೆ ಸುಮಾರು 3,610. ನಿಮ್ಮ ಜೇಬಿನಿಂದ ಹೋದದ್ದು ವಸ್ತುವಿಗೆ 10,000, ಸಾಗಣೆಗೆ 3,000, ತೆರಿಗೆಗೆ 3,610, ಒಟ್ಟು 16,610. ಇದಲ್ಲದೆ ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿ ಒಂದು ಶುಲ್ಕ ಹಾಕುತ್ತದೆ, ಆ ಶುಲ್ಕದ ಮೇಲೆ ಜಿಎಸ್‌ಟಿ. ಕ್ರೆಡಿಟ್ ಕಾರ್ಡಿನವನು ಡಾಲರನ್ನು ರೂಪಾಯಿ ಮಾಡಿಕೊಟ್ಟದ್ದಕ್ಕೆ ತನ್ನ ಪಾಲು ಎತ್ತಿಕೊಳ್ಳುತ್ತಾನೆ. ಪರದೆಯ ಮೇಲೆ ಹತ್ತು ಸಾವಿರ ಎಂದು ಕಂಡದ್ದು ಮನೆ ಬಾಗಿಲಿಗೆ ಬರುವಾಗ ಹದಿನೇಳರ ಮೇಲಾಗಿರುತ್ತದೆ. ಒಂದು ಸಮಾಧಾನವೂ ಉಂಟು. 1962ರ ಕಸ್ಟಮ್ಸ್ ಕಾಯಿದೆಯ 25ನೆಯ ಕಲಮಿನ ಪ್ರಕಾರ ಒಟ್ಟು ಸುಂಕ ನೂರು ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಆದರೆ ಅದನ್ನು ವಸೂಲು ಮಾಡುವಂತಿಲ್ಲ. ನೂರು ರೂಪಾಯಿ ಸುಂಕಕ್ಕೆ ಎಷ್ಟು ಬೆಲೆಯ ಸಾಮಾನು ಬರುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ ನಗಬಹುದು.

ಸಾಗಣೆಯದೂ ಒಂದು ಗುಟ್ಟು ಇದೆ. ಇದು ಅಮ್ಮಂದಿರಿಗೂ ಗೊತ್ತಿರಬೇಕಾದದ್ದು. ಕೊರಿಯರಿನವರು ತೂಕಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುವುದಿಲ್ಲ, ಜಾಗಕ್ಕೂ ತೆಗೆದುಕೊಳ್ಳುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ರೂಢಿ. ಬಂದ ಸಂಖ್ಯೆ, ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಬಾಡಿಗೆ. ಮೊಮ್ಮಗನಿಗೆಂದು ಚಕ್ಕುಲಿ ಮುರಿಯದ ಹಾಗೆ 40, 30, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಪೇಪರು ತುಂಬಿ ಕಳಿಸಿದರೆ ಒಳಗಿರುವುದು ಮೂರೇ ಕಿಲೋ ಆದರೂ ಬಿಲ್ಲು 7.2 ಕಿಲೋಗೆ. ಉಳಿದ ನಾಲ್ಕು ಕಿಲೋ ಚಿಲ್ಲರೆ ನೀವು ಕಳಿಸಿದ್ದು ಗುರುಗ್ರಾಮದ ಗಾಳಿ. ಅದಕ್ಕೆ ಹೊರದೇಶದಲ್ಲಿ ಬೇಡಿಕೆ ಇದೆ ಎಂದು ನನಗೆ ತೋರುವುದಿಲ್ಲ. ನೀವು ತರಿಸುವಾಗಲೂ ಅಷ್ಟೆ. ಬೂಟನ್ನು ಅದರ ಚೆಂದದ ರಟ್ಟಿನ ಡಬ್ಬಿಯೊಡನೆ ತರಿಸಿದರೆ ಡಬ್ಬಿಗೂ ವಿಮಾನದ ಟಿಕೀಟು. ಡಬ್ಬಿ ಬೇಡವೆಂದು ಮಾರುವವನಿಗೆ ಬರೆದರೆ ಕೆಲವರು ಒಪ್ಪುತ್ತಾರೆ.

ದುಡ್ಡು ಕೊಡುವ ಮುನ್ನ ಅಂಗಡಿಯ ಪುಟದಲ್ಲಿ ಡಿಡಿಪಿ ಎಂಬ ಮೂರಕ್ಷರ ಇದೆಯೇ ನೋಡಿ. ಇದ್ದರೆ ಸುಂಕವನ್ನು ಮಾರುವವನೇ ಮುಂಗಡವಾಗಿ ನಿಮ್ಮಿಂದ ಪಡೆದು ಕಟ್ಟುತ್ತಾನೆ. ಮನೆ ಬಾಗಿಲಲ್ಲಿ ಜಗಳವಿಲ್ಲ. ಇಲ್ಲದಿದ್ದರೆ ಲೆಕ್ಕ ನಿಮ್ಮದು. ಆಧಾರ್ ಅಥವಾ ಪ್ಯಾನ್ ಪ್ರತಿ ಕೇಳಿದರೆ ಬೇಗ ಕೊಡಿ, ಆದರೆ ಕೊರಿಯರಿನ ಸ್ವಂತ ತಾಣದಲ್ಲಿ ಮಾತ್ರ. ಕಾಗದಪತ್ರ ತಡವಾದರೆ ಗೋದಾಮಿನ ಬಾಡಿಗೆ ಏರುತ್ತದೆ. ವಿಮಾನ ನಿಲ್ದಾಣ ನಮ್ಮ ಮನೆಯಿಂದ ಅರ್ಧ ಗಂಟೆ, ಪೊಟ್ಟಣ ಅಲ್ಲೇ ಹತ್ತು ದಿನ. ಇನ್ನು, ಅಳತೆ ಸರಿಹೋಗದೆ ಹಿಂದಿರುಗಿಸಿದರೆ ಅಂಗಡಿಯವನು ಬೆಲೆ ವಾಪಸು ಕೊಟ್ಟಾನು, ಕಟ್ಟಿದ ಸುಂಕವನ್ನು ವಾಪಸು ಪಡೆಯುವುದಕ್ಕೆ ಬೇರೆಯೇ ಕಾಗದಪತ್ರದ ಓಡಾಟ ಬೇಕು. ಬೂಟಿನ ಅಳತೆಯನ್ನು ಎರಡು ಸಲ ತೆಗೆಯಿರಿ.

ಈಗ ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಇಬ್ಬರು ಬಹಳ ಜಾಣತನದಿಂದ ಹೇಳಿದಿರಿ: "ಅದಕ್ಕೊಂದು ಉಪಾಯ ಇದೆ ಆಂಟಿ. ಮಾರುವವನಿಗೆ ಹೇಳಿದರೆ ಡಬ್ಬಿಯ ಮೇಲೆ ಉಡುಗೊರೆ ಎಂದು ಗುರುತು ಹಾಕಿ, ಬೆಲೆ ಹತ್ತು ಡಾಲರ್ ಎಂದು ಬರೆದು ಕಳಿಸುತ್ತಾನೆ." ಆ ಉಪಾಯ ಎಲ್ಲಿಂದ ಬಂತು, ಯಾರಿಗೆ ಎಷ್ಟು ತಗಲಿತು ಎಂಬುದು ಸ್ವಲ್ಪ ದೊಡ್ಡ ಕಥೆ.

ನಾನು ಮದುವೆಯಾಗಿ ದೆಹಲಿಗೆ ಬಂದ ಕಾಲದಲ್ಲಿ "ಫಾರಿನ್ ಸಾಮಾನು" ಎಂಬುದೇ ಒಂದು ಜಾತಿ. ಪಾಲಿಕಾ ಬಜಾರಿನ ನೆಲಮಾಳಿಗೆಯಲ್ಲಿ ಪಿಸುಮಾತಿನಲ್ಲಿ ಮಾರುತ್ತಿದ್ದರು. 1991ರ ಜುಲೈ 24ರಂದು ಮನಮೋಹನ ಸಿಂಗರು ಮಂಡಿಸಿದ ಬಜೆಟ್ಟನ್ನು ಎಲ್ಲರೂ ಬಾಗಿಲು ತೆರೆದ ಬಜೆಟ್ಟು ಎನ್ನುತ್ತಾರೆ. ಆ ತೆರೆದ ಬಾಗಿಲಿನ ಗರಿಷ್ಠ ಸುಂಕ ಎಷ್ಟು ಗೊತ್ತೆ? ಶೇಕಡಾ 150! ಅದಕ್ಕೆ ಮುಂಚೆ ಅದರ ಇಮ್ಮಡಿಯೂ ಇದ್ದದ್ದುಂಟು. ದಿನಬಳಕೆಯ ಎಷ್ಟೋ ವಸ್ತುಗಳನ್ನು ಸುಂಕ ಕಟ್ಟಿದರೂ ತರಿಸುವಂತಿರಲಿಲ್ಲ. ಆ ಪ್ರಮಾಣ ನಿರ್ಬಂಧಗಳು ಪೂರ್ತಿ ಹೋದದ್ದು 2001ರ ಏಪ್ರಿಲ್ 1ಕ್ಕೆ. ಅಂಥ ದಿನಗಳಲ್ಲೂ ಒಂದು ಸಣ್ಣ ಕಿಂಡಿ ಮಾತ್ರ ಬಿಟ್ಟಿದ್ದರು, ಉಡುಗೊರೆಗೆ. ಅಮೆರಿಕದಲ್ಲಿದ್ದ ಅಣ್ಣ ಅಂಚೆಯಲ್ಲಿ ಒಂದು ಸ್ವೆಟರು, ಒಂದು ಪೆನ್ನು ಕಳಿಸಿದರೆ ಒಂದು ಮಿತಿಯೊಳಗೆ ಅದಕ್ಕೆ ಸುಂಕವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆ ಮಿತಿ ಐದು ಸಾವಿರ ರೂಪಾಯಿ ಇತ್ತು.

ಈ ಕಿಂಡಿ ಬಹಳ ಹಳೆಯದು ಎಂದರೆ ನಂಬುತ್ತೀರಾ? ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ತಾಳೆಗರಿಗಳ ನಡುವೆ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷ ಎಂಬ ಅಧಿಕಾರಿಯ ವಿಷಯ ಬರುತ್ತದೆ. ಹೊರಗಿನಿಂದ ಬಂದ ಸರಕಿಗೆ ಐದರಲ್ಲೊಂದು ಪಾಲು ಸುಂಕ ಎಂದು ಅಲ್ಲಿದೆ. ಮದುವೆಯ ಸಾಮಾನು, ಹುಡುಗಿ ಗಂಡನ ಮನೆಗೆ ಒಯ್ಯುವುದು, ಕಾಣಿಕೆ, ಯಜ್ಞ, ಹೆರಿಗೆ, ಚೌಲ, ಉಪನಯನ ಇವಕ್ಕೆಲ್ಲ ಸುಂಕವಿಲ್ಲ ಎಂದೂ ಇದೆ. ಅದರ ಬೆನ್ನಿಗೇ, ಸುಳ್ಳು ಹೇಳಿ ಸಾಗಿಸಿದವನಿಗೆ ಕಳ್ಳನ ಶಿಕ್ಷೆ ಎಂದು ಇದೆ. ಕೌಟಿಲ್ಯನಿಗೆ ಮನುಷ್ಯರ ಸ್ವಭಾವ ಗೊತ್ತಿತ್ತು. ಶುಲ್ಕವೇ ನಮ್ಮ ಬಾಯಲ್ಲಿ ಸುಂಕವಾಯಿತು. ಕನ್ನಡ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ ಎಂದು ಬಗೆಬಗೆಯ ಸುಂಕಗಳೂ ಅವನ್ನು ಎತ್ತುವ ಸುಂಕವೆರ್ಗಡೆಗಳೂ ಸಿಗುತ್ತಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರೇ ಇದ್ದರು. ಸುಂಕದವರೆಲ್ಲ ಕಲ್ಲುಹೃದಯದವರಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ ಎನ್ನಬಹುದೇನೊ.

ಇರಲಿ, ಉಡುಗೊರೆಯ ಕಿಂಡಿಗೆ ಏನಾಯಿತು ಹೇಳುತ್ತೇನೆ. ಕೈಗೆ ಮೊಬೈಲು ಬಂತು, ಚೀನಾದ ಕೆಲವು ಮಾರಾಟ ತಾಣಗಳು ಬಂದವು. ನೂರಿನ್ನೂರು ರೂಪಾಯಿಯ ರವಿಕೆ, ಕಿವಿಯೋಲೆ, ಚೀಲಗಳನ್ನು ಒಂದೊಂದಾಗಿ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ಉಡುಗೊರೆ ಎಂದು ಬರೆದು ಕಳಿಸತೊಡಗಿದರು. ದುಡ್ಡು ಕೊಟ್ಟು ಕೊಂಡದ್ದು, ಹೆಸರು ಉಡುಗೊರೆ. ಇಲ್ಲಿಯ ಅಂಗಡಿಯವರು ಜಿಎಸ್‌ಟಿ ಕಟ್ಟಿ ಮಾರುವಾಗ ಅಲ್ಲಿಯವರದು ಏನೂ ಇಲ್ಲದೆ ಒಳಗೆ. ಗಲಾಟೆಯಾಯಿತು. 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯ ಒಂದು ನೋಟಿಫಿಕೇಷನ್ ಹೊರಡಿಸಿ ಕಿಂಡಿಯನ್ನೇ ಮುಚ್ಚಿಬಿಟ್ಟಿತು. ಅಂಚೆಯಲ್ಲೋ ಕೊರಿಯರಿನಲ್ಲೋ ಬರುವ ವಸ್ತುವನ್ನು ಉಡುಗೊರೆ ಎಂದು ಬಿಡಿಸಿಕೊಳ್ಳುವಂತಿಲ್ಲ. ಎರಡಕ್ಕೆ ಮಾತ್ರ ವಿನಾಯಿತಿ, ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿಯ ಮುಂದೆ ಒಂದು ಸಾಲು ಸೇರಿಸಿದ್ದಾರೆ, ಓದಿ ನನಗೆ ನಗು ಬಂತು: ರಾಖಿಯ ಜೊತೆಗಿನ ಉಡುಗೊರೆಗೆ ಇದು ಅನ್ವಯಿಸದು. ದಾರ ಬರಬಹುದು, ಲಾಡು ಬರುವಂತಿಲ್ಲ. ಪೂರ್ತಿ ಸುಂಕ ಕಟ್ಟಿದರೆ ಅಡ್ಡಿಯಿಲ್ಲ ಎಂದೂ ಇದೆ ಅನ್ನಿ.

ಅಂದರೆ ನಿಮ್ಮ ಆ "ಉಪಾಯ" ಈಗ ಉಪಾಯವೇ ಅಲ್ಲ. ಉಡುಗೊರೆ ಎಂದು ಬರೆಸಿದರೆ ಸುಂಕ ತಪ್ಪುವುದಿಲ್ಲ, ಪೊಟ್ಟಣ ಸಿಕ್ಕಿಬೀಳುವ ಸಂಭವ ಹೆಚ್ಚುತ್ತದೆ. ಬೆಲೆ ಕಡಿಮೆ ಬರೆಸಿದರೆ ಕಾಯಿದೆಯ 111ನೆಯ ಕಲಮಿನಲ್ಲಿ ವಸ್ತುವಿನ ಮುಟ್ಟುಗೋಲು, 112ರಲ್ಲಿ ದಂಡ. ದಂಡ ಯಾರಿಗೆ? ಹತ್ತು ಡಾಲರ್ ಎಂದು ಬರೆದವನು ಸಮುದ್ರದಾಚೆ ಇದ್ದಾನೆ. ಕಾಗದದಲ್ಲಿ ಆಮದುದಾರ ಎಂದು ಹೆಸರಿರುವುದು ನಿಮ್ಮದು, ಜೊತೆಗೆ ಆಧಾರ್ ಸಂಖ್ಯೆ.

ಆ ಮುಚ್ಚಿದ ಕಿಂಡಿಯ ನಿಜವಾದ ಬೆಲೆ ಗೊತ್ತಾದದ್ದು ಒಂದೂವರೆ ವರ್ಷದ ಮೇಲೆ. 2021ರ ಏಪ್ರಿಲ್ ಮತ್ತು ಮೇ. ನಿಮ್ಮಲ್ಲಿ ಹಲವರು ಆಗ ಶಾಲೆಯಲ್ಲಿದ್ದಿರಿ, ಮನೆಯೊಳಗೆ ಕೂತು ಕಂಪ್ಯೂಟರಿನಲ್ಲಿ ಪಾಠ. ಹೊರಗೆ ಆಂಬುಲೆನ್ಸಿನ ಸದ್ದು ನಿಲ್ಲುತ್ತಿರಲಿಲ್ಲ ಎಂಬುದು ನೆನಪಿರಬಹುದು. ದೆಹಲಿಯಲ್ಲೂ ಗುರುಗ್ರಾಮದಲ್ಲೂ ಆಸ್ಪತ್ರೆಯ ಹಾಸಿಗೆ ಇಲ್ಲ, ಆಮ್ಲಜನಕದ ಸಿಲಿಂಡರ್ ಇಲ್ಲ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಎರಡು ಗಂಟೆಗೆ "ಯಾರ ಬಳಿಯಾದರೂ ಕಾನ್ಸೆಂಟ್ರೇಟರ್ ಇದೆಯೇ" ಎಂಬ ಸಂದೇಶಗಳು. ಕಾನ್ಸೆಂಟ್ರೇಟರ್ ಎಂದರೆ ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಅದರ ಸಾರಜನಕವನ್ನು ಹಿಡಿದಿಟ್ಟು, ಆಮ್ಲಜನಕವನ್ನು ಮೂಗಿಗೆ ಕಳಿಸುವ ಪೆಟ್ಟಿಗೆ. ವಿದ್ಯುತ್ ಇದ್ದರೆ ಸಾಕು, ಸಿಲಿಂಡರ್ ತುಂಬಿಸುವ ಗೋಳಿಲ್ಲ. ಅದು ಇಲ್ಲಿ ಸಿಗುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲೋ ಟೆಕ್ಸಸ್ಸಿನಲ್ಲೋ ಇದ್ದ ಮಕ್ಕಳು, ಅಳಿಯಂದಿರು ಅಲ್ಲಿಂದ ಕಳಿಸಲು ಹೊರಟರು. ಕಳಿಸುವುದು ಉಡುಗೊರೆ, ಉಡುಗೊರೆಯ ಕಿಂಡಿ ಮುಚ್ಚಿತ್ತು.

ಮುಂದಿನದನ್ನು ತಾರೀಖಿನೊಡನೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಒಂದೊಂದು ದಿನವೂ ಒಂದೊಂದು ಯುಗ. ಏಪ್ರಿಲ್ 24ರಂದು ಆಮ್ಲಜನಕದ ಉಪಕರಣಗಳ ಮೂಲ ಸುಂಕ ತೆಗೆದರು. ಏಪ್ರಿಲ್ 30ರಂದು, ಸ್ವಂತ ಬಳಕೆಗೆ ಕಾನ್ಸೆಂಟ್ರೇಟರನ್ನು ಉಡುಗೊರೆಯಾಗಿ ಅಂಚೆ, ಕೊರಿಯರಿನಲ್ಲಿ ತರಿಸಿಕೊಳ್ಳಬಹುದೆಂದು ಜುಲೈ 31ರವರೆಗೆ ಕಿಂಡಿ ತೆರೆದರು. ಮೇ 1ರಂದು ಅದರ ಮೇಲಿನ ಐಜಿಎಸ್‌ಟಿಯನ್ನು ಶೇಕಡಾ 28ರಿಂದ 12ಕ್ಕೆ ಇಳಿಸಿದರು. ಮೇ 3ರಂದು, ಸಂಸ್ಥೆಗಳು ಸರಕಾರದ ಮೂಲಕ ಉಚಿತವಾಗಿ ಹಂಚಲು ತರಿಸುವ ದಾನದ ಉಪಕರಣಕ್ಕೆ ಐಜಿಎಸ್‌ಟಿಯೇ ಇಲ್ಲ ಎಂದರು. ಈಗ ನೋಡಿ. ಒಂದೇ ಯಂತ್ರ, ಒಂದೇ ವಿಮಾನ. ಸಂಸ್ಥೆಗೆ ಬಂದರೆ ಸೊನ್ನೆ, ಮಗ ಅಪ್ಪನಿಗೆ ಕಳಿಸಿದರೆ ಶೇಕಡಾ 12.

ದೆಹಲಿಯ 85 ವರ್ಷದ ಹಿರಿಯರೊಬ್ಬರಿಗೆ ಕೋವಿಡ್ ಬಂದಿತ್ತು. ಅಮೆರಿಕದಿಂದ ಸೋದರಸಂಬಂಧದ ಹುಡುಗ ಕಾನ್ಸೆಂಟ್ರೇಟರ್ ಕಳಿಸಿದ. ಆ ಹಿರಿಯರು ಈ ಶೇಕಡಾ 12ನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ಅವರಿಗೆ ಗೊತ್ತಿರಲಿಲ್ಲವೊ, ಗೊತ್ತಿದ್ದೂ ಹೋದರೊ! ನ್ಯಾಯಮೂರ್ತಿಗಳಾದ ರಾಜೀವ್ ಶಕ್ಧೇರ್ ಮತ್ತು ತಲ್ವಂತ್ ಸಿಂಗ್ ಅವರು ಮೇ 21ರಂದು ಆ ತೆರಿಗೆಯನ್ನು ರದ್ದುಮಾಡಿದರು. ಸಂಸ್ಥೆಗೆ ಒಂದು ನ್ಯಾಯ, ವ್ಯಕ್ತಿಗೆ ಒಂದು ನ್ಯಾಯ ಮಾಡುವುದು ಸಂವಿಧಾನದ 14ನೆಯ ವಿಧಿ ಹೇಳುವ ಸಮಾನತೆಗೆ ಒಪ್ಪುವುದಿಲ್ಲ ಎಂದರು. ಉಸಿರಾಟದ ಯಂತ್ರವನ್ನು 21ನೆಯ ವಿಧಿಯ ಬದುಕುವ ಹಕ್ಕಿನ ಬೆಳಕಿನಲ್ಲಿ ನೋಡಿದರು. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ತೆರಿಗೆ ಹಾಕುವುದು ಬಿಡುವುದು ನೀತಿಯ ವಿಷಯ, ಕೋರ್ಟಿನದಲ್ಲ ಎಂಬುದು ಅದರ ವಾದ. ಜೂನ್ 1ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪಿಗೆ ತಡೆ ಕೊಟ್ಟಿತು. ಜೂನ್ 12ರಂದು ಜಿಎಸ್‌ಟಿ ಮಂಡಳಿ ತನ್ನ 44ನೆಯ ಸಭೆಯಲ್ಲಿ, ಸ್ವಂತಕ್ಕೆ ತರಿಸಿದ್ದಕ್ಕೂ ಸೇರಿಸಿ, ದರವನ್ನು ಶೇಕಡಾ 5ಕ್ಕೆ ಇಳಿಸಿತು. ಅದೂ ಸೆಪ್ಟೆಂಬರ್ 30ರವರೆಗೆ ಮಾತ್ರ.

ಸರಕಾರದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪ್ರತಿಯೊಂದು ತೆರಿಗೆಯನ್ನೂ ಕೋರ್ಟಿನಲ್ಲಿ ತೀರ್ಮಾನಿಸುತ್ತ ಕೂತರೆ ಬಜೆಟ್ಟು ಯಾಕೆ? ಆದರೂ ನನ್ನ ಮನಸ್ಸು ಆ 85ರ ಅಜ್ಜನ ಕಡೆಗೇ ವಾಲುತ್ತದೆ. ಅವರ ಹಾಗೆ ಕೋರ್ಟಿಗೆ ಹೋಗುವ ಶಕ್ತಿಯಾಗಲಿ ಪುರುಸೊತ್ತಾಗಲಿ ನಮಗೆ ಯಾರಿಗೂ ಇರಲಿಲ್ಲ. ನನ್ನ ತಂಗಿ ನ್ಯೂಜೆರ್ಸಿಯಿಂದ ನಮ್ಮ ಮಾವನವರಿಗೆಂದು ಕಳಿಸಿದ ಯಂತ್ರ ಮೇ ಎರಡನೆಯ ವಾರ ಬಂತು. ಹದಿನೈದು ಕಿಲೋ ಆಸುಪಾಸು. ಶೇಕಡಾ 12 ಕಟ್ಟಿಯೇ ಬಿಡಿಸಿಕೊಂಡೆವು. ಅಷ್ಟರಲ್ಲಿ ಮಾವನವರು ಸುಧಾರಿಸಿಕೊಂಡಿದ್ದರು. ಯಂತ್ರ ಏಳನೆಯ ಮಹಡಿಗೆ ಹೋಯಿತು, ಅಲ್ಲಿಂದ ಪಕ್ಕದ ಬ್ಲಾಕಿಗೆ, ಅಲ್ಲಿಂದ ಸೋಹ್ನಾ ರಸ್ತೆಯ ಇನ್ನೊಂದು ಕನ್ನಡ ಕುಟುಂಬಕ್ಕೆ. ಕಾಗದದಲ್ಲಿ ಅದು "ಸ್ವಂತ ಬಳಕೆ". ನಾಲ್ಕು ಮನೆಗೆ ಉಸಿರು ಕೊಟ್ಟ ಆ ಪೆಟ್ಟಿಗೆಯನ್ನು ಏನೆಂದು ಕರೆಯಬೇಕೆಂದು ಯಾವ ನಮೂನೆಯಲ್ಲೂ ಜಾಗ ಇರಲಿಲ್ಲ.

ನೀವು ಕೇಳಬಹುದು, ಇದಕ್ಕೂ ನನ್ನ ಬೂಟಿಗೂ ಏನು ಸಂಬಂಧ ಎಂದು. ಇದೆ. ಕಿಂಡಿ ಮುಚ್ಚಿದ್ದು ಸುಂಕದವನ ಕೆಟ್ಟ ಮನಸ್ಸಿನಿಂದಲ್ಲ. ಇನ್ನೂರು ರೂಪಾಯಿಯ ಕಿವಿಯೋಲೆಗೆ ಉಡುಗೊರೆ ಎಂದು ಬರೆಸಿಕೊಂಡವರ ಸಂಖ್ಯೆ ಲಕ್ಷ ಲಕ್ಷ ಆದದ್ದರಿಂದ ಮುಚ್ಚಿತು. ಆ ಗುರುತು ಹಾಕಿಸಿಕೊಂಡವರಲ್ಲಿ ಒಬ್ಬರಿಗೂ, ಮುಂದೆ ಒಂದು ದಿನ ಯಾರದೋ ಅಪ್ಪನ ಉಸಿರು ಅದೇ ಚೌಕದಲ್ಲಿ ಸಿಕ್ಕಿಕೊಳ್ಳುತ್ತದೆಂದು ಹೊಳೆದಿರಲಾರದು. ವಿನಾಯಿತಿ ಎಂಬುದು ಬಾವಿಯ ನೀರಿದ್ದಂತೆ. ಬೇಕಿಲ್ಲದವರು ಸೇದಿ ಚೆಲ್ಲಿದರೆ ಬೇಕಾದವರಿಗೆ ಕೊಡ ತುಂಬುವುದಿಲ್ಲ.

ಸುಂಕದವನು ಸುಖದುಃಖ ಕೇಳಿದ ಪ್ರಸಂಗಗಳೂ ಉಂಟು. 2021ರ ಫೆಬ್ರುವರಿಯಲ್ಲಿ ಮುಂಬಯಿಯ ಒಂದು ಹಸುಗೂಸಿಗೆ ಅಪರೂಪದ ನರರೋಗಕ್ಕಾಗಿ 16 ಕೋಟಿ ರೂಪಾಯಿಯ ಔಷಧಿ ತರಿಸಬೇಕಾಯಿತು. ಊರೂರಿನ ಜನ ಚಂದಾ ಎತ್ತಿ ಕೊಟ್ಟ ದುಡ್ಡು ಅದು. ಅದರ ಮೇಲೆ ಸುಮಾರು 6 ಕೋಟಿ ತೆರಿಗೆ! ಕೇಂದ್ರ ಸರಕಾರ ಅದನ್ನು ಮನ್ನಾ ಮಾಡಿತು. ಒಂದೊಂದು ಮಗುವಿಗೂ ಹೀಗೆ ಅರ್ಜಿ ಹಿಡಿದು ಓಡಾಡುವುದು ತಪ್ಪಬೇಕಲ್ಲ? 2023ರ ಏಪ್ರಿಲ್ 1ರಿಂದ, ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಹೆಸರಿಸಿದ ರೋಗಗಳಿಗೆ ಸ್ವಂತಕ್ಕೆ ತರಿಸುವ ಔಷಧಿ ಮತ್ತು ವಿಶೇಷ ಆಹಾರಕ್ಕೆ ಮೂಲ ಸುಂಕ ತೆಗೆದರು. ವೈದ್ಯಾಧಿಕಾರಿಗಳ ಪ್ರಮಾಣಪತ್ರ ಬೇಕು. ನಿಮ್ಮ ಪರಿಚಯದಲ್ಲಿ ಯಾರಿಗಾದರೂ ಬೇಕಾದರೆ ತಿಳಿಸಿ.

ಈ ಆಟ ಒಂದೇ ದಿಕ್ಕಿನದಲ್ಲ. ನಿಮ್ಮ ಅಕ್ಕ ಅಣ್ಣಂದಿರಿಗೆ ನಾವು ಇಲ್ಲಿಂದ ಕಳಿಸುವುದಕ್ಕೂ ಅಲ್ಲೊಬ್ಬ ಸುಂಕದವನಿದ್ದಾನೆ. ಅಮೆರಿಕದಲ್ಲಿ 2016ರಿಂದ 800 ಡಾಲರಿನವರೆಗಿನ ಪೊಟ್ಟಣಕ್ಕೆ ಸುಂಕ ಇರಲಿಲ್ಲ. ಅಲ್ಲೂ ಚೀನಾದ ತಾಣಗಳ ಪೊಟ್ಟಣಗಳು ಪ್ರವಾಹದಂತೆ ನುಗ್ಗಿದವು, ಅಲ್ಲೂ ಬಾಗಿಲು ಬಿತ್ತು. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಆ ಸೌಲಭ್ಯ ನಿಂತಿತು. ಸುಂಕ ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದು ಇತ್ಯರ್ಥವಾಗದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಪಾರ್ಸೆಲ್ಲುಗಳನ್ನು ನಿಲ್ಲಿಸಬೇಕಾಯಿತು. ಗೌರಿ ಗಣೇಶ ಹೋಯಿತು, ನವರಾತ್ರಿ ಹೋಯಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ, ದೀಪಾವಳಿಗೆ ಐದಾರು ದಿನ ಇರುವಾಗ. ಆಗ ಭಾರತದ ವಸ್ತುವಿಗೆ ಘೋಷಿಸಿದ ಬೆಲೆಯ ಅರ್ಧದಷ್ಟು ಸುಂಕ, ಅದನ್ನು ಕಳಿಸುವವರೇ ಇಲ್ಲಿ ಮುಂಗಡ ಕಟ್ಟಬೇಕು. ಆ ದರಗಳು ಆಮೇಲೆ ಬದಲಾಗುತ್ತಲೇ ಇವೆ. ಕಳಿಸುವ ದಿನ ಅಂಚೆ ಕಚೇರಿಯಲ್ಲಿ ಕೇಳಿಯೇ ಪೆಟ್ಟಿಗೆ ಕಟ್ಟಿ. ಆ ಗಲಾಟೆಯ ನಡುವೆಯೂ ನೂರು ಡಾಲರಿನ ಒಳಗಿನ ನಿಜವಾದ ಉಡುಗೊರೆಗೆ ಅವರು ಸುಂಕ ಹಾಕಲಿಲ್ಲ. ಈ ಒಂದು ವಿಷಯದಲ್ಲಿ ಅವರು ನಮಗಿಂತ ವಾಸಿ ಎನ್ನಬೇಕು. ನಮ್ಮಲ್ಲೂ ಇಷ್ಟು ಬೆಲೆಯವರೆಗೆ, ವರ್ಷಕ್ಕೆ ಇಷ್ಟು ಸಲ ಎಂದು ಆಧಾರ್ ಸಂಖ್ಯೆಗೆ ಗಂಟುಹಾಕಿ ಒಂದು ಸಣ್ಣ ಕಿಂಡಿ ತೆರೆಯಬಾರದೆ? ಹೇಗೂ ಪ್ರತಿ ಕೇಳುತ್ತೀರಿ.

ಕೊನೆಯದಾಗಿ ಒಂದು ಕೆಲಸ ನಿಮಗೆ. ಸುಂಕದ ಹೆಸರಿನಲ್ಲಿ ಮೋಸ ಮಾಡುವವರ ದೊಡ್ಡ ಸಂತೆಯೇ ಇದೆ. "ದೆಹಲಿ ವಿಮಾನ ನಿಲ್ದಾಣದಿಂದ ಕಸ್ಟಮ್ಸ್ ಅಧಿಕಾರಿ ಮಾತಾಡುತ್ತಿದ್ದೇನೆ, ನಿಮ್ಮ ಹೆಸರಿಗೆ ಲಂಡನ್ನಿನಿಂದ ಒಂದು ಉಡುಗೊರೆ ಬಂದಿದೆ, ಬಿಡಿಸಿಕೊಳ್ಳಲು ಇಷ್ಟು ಕಟ್ಟಿ, ಇಲ್ಲದಿದ್ದರೆ ಬಂಧನ" ಎಂಬ ಫೋನುಗಳು. ಕಸ್ಟಮ್ಸಿನವರು ಫೋನಿನಲ್ಲಿ ಹೆದರಿಸಿ ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿಸಿಕೊಳ್ಳುವುದಿಲ್ಲ. ಅವರ ಪತ್ರಗಳ ಮೇಲೆ 2019ರ ನವೆಂಬರಿನಿಂದ ಡಿನ್ ಎಂಬ ಗುರುತು ಸಂಖ್ಯೆ ಇರುತ್ತದೆ. ಪತ್ರ ಬಂದರೆ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ತಾಣದಲ್ಲಿ ಆ ಸಂಖ್ಯೆಯನ್ನು ಹಾಕಿ ನಿಜವೋ ಸುಳ್ಳೋ ನೋಡಬಹುದು. ನಿಮಗೆ ಇದೆಲ್ಲ ಎರಡು ನಿಮಿಷದ ಕೆಲಸ. ಆದರೆ ಅಂಥ ಫೋನು ಬರುವುದು ಮಧ್ಯಾಹ್ನ ಮನೆಯಲ್ಲಿ ಒಬ್ಬರೇ ಇರುವ ನಿಮ್ಮ ಅಜ್ಜಿಗೆ, ಅದೂ ಅವರಿಗೆ ಅರ್ಧ ತಿಳಿಯುವ ಹಿಂದಿಯಲ್ಲಿ. ಮೊಮ್ಮಗನೇ ಏನೋ ತರಿಸಿದ್ದಾನೆ ಎಂದುಕೊಂಡು ಅವರು ಮಾತು ಮುಂದುವರಿಸುತ್ತಾರೆ. ಆದ್ದರಿಂದ ನೀವು ಏನಾದರೂ ತರಿಸಿದ ದಿನವೇ, ಏನು ತರಿಸಿದ್ದೇನೆ, ಸುಂಕ ಕಟ್ಟಿಯಾಗಿದೆಯೋ ಇಲ್ಲವೋ ಎಂದು ಅಜ್ಜಿಗೆ ಕನ್ನಡದಲ್ಲಿ ಹೇಳಿಡಿ. ಸೈಬರ್ ಅಪರಾಧದ ಸಹಾಯವಾಣಿ 1930. ಕ್ಯಾಲೆಂಡರಿನ ಪಕ್ಕದಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಕನ್ನಡಕ ಇಲ್ಲದಿದ್ದರೂ ಕಾಣುವ ಹಾಗೆ.